ಬೀರಯ್ಯನವರ ಕೂಗಿಗೊಂದು ವಾಲ್ವ್

ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಯೋಗೇಂದ್ರನ ಹೆಸರು ನಿಮಗೆ ಗೊತ್ತಿರಲಾರದು. ಆದರೆ ನೀವು ಮೈಸೂರಿನವರಾದರೆ ಅವನ ಕೆಲಸ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಗುಜರಿ ಆಟೋದಿಂದ "ಹಳೇ ಕಬ್ಬಿಣ, ಹಳೇ ಪೇಪರ್" ಎಂದು ಕೂಗುವ ದನಿ, ಹಣ್ಣಿನ ಗಾಡಿಯ ದನಿ, ಮಿಕ್ಸಿ ಕುಕ್ಕರ್ ರಿಪೇರಿಯವನ ದನಿ, ಇವುಗಳಲ್ಲಿ ಅರ್ಧಕ್ಕರ್ಧ ವಿದ್ಯಾರಣ್ಯಪುರಂನ ಆ ರೂಮಿನಲ್ಲಿ ರೆಕಾರ್ಡ್ ಆದವು. ನಡುನಡುವೆ ಭಾವಗೀತೆ, ದೇವರನಾಮ ಹಾಡುವವರೂ ಬರುತ್ತಾರೆ. ಅವರು ಬರುವ ದಿನ ಯೋಗೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಾನೆ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೀವಮಾನವಿಡೀ ಬೇರೆಯವರಿಗೆ "ಶ್" ಎಂದವಳಿಗೆ ಈಗ ನನ್ನ ಮನೆಯಲ್ಲೇ ಬಾಡಿಗೆಯವನೊಬ್ಬ "ಶ್" ಎನ್ನುತ್ತಾನೆ. ಚಟ್ನಿ ರುಬ್ಬಬೇಕಾದರೆ ಕಿಟಕಿಯಲ್ಲಿ ಇಣುಕಿ ಅವನ ಅಪ್ಪಣೆ ಕೇಳಬೇಕು. ಕುಕ್ಕರ್ ಕೂಗಿದರೆ ಕಳ್ಳಿಯ ಹಾಗೆ ಓಡಿ ಗ್ಯಾಸ್ ಆರಿಸಬೇಕು. ಇವನನ್ನು ಖಾಲಿ ಮಾಡಿಸಿಯೇ ಸೈ ಎಂದು ಎಷ್ಟೋ ಸಲ ನಿಶ್ಚಯಿಸಿದ್ದೆ. ಇವತ್ತು ಅವನನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಯಾಕೆಂದು ಹೇಳುತ್ತೇನೆ.

ಅವನಿಗಿರುವುದು ಪ್ರೀಆಂಪ್ ಹುಚ್ಚು. ಮೈಕಿನಿಂದ ಹೊರಡುವ ದನಿ ತೀರಾ ಕ್ಷೀಣವಾಗಿರುತ್ತದಂತೆ. ಅದನ್ನು ಎತ್ತಿ ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಯೇ ಪ್ರೀಆಂಪ್. ಅದರಲ್ಲೂ ಇವನಿಗೆ ಬೇಕಾದದ್ದು ಗಾಜಿನ ವಾಲ್ವ್ ಇರುವಂಥದ್ದು, ಹಿಂದಿನ ಕಾಲದ ರೇಡಿಯೋಗಳಲ್ಲಿ ಸಣ್ಣಗೆ ಉರಿಯುತ್ತಿತ್ತಲ್ಲ, ಅದೇ. ಮನುಷ್ಯರ ದನಿಗೆ ಅದು ಮೈ ತುಂಬಿಕೊಡುತ್ತದೆ ಎನ್ನುವುದು ಅವನ ನಂಬಿಕೆ. ಮೊದಲು ಒಂದು ಸಣ್ಣ ಪೆಟ್ಟಿಗೆ ತಂದ. ಅದರ ಕಿಂಡಿಯಲ್ಲಿ ವಾಲ್ವ್ ಕೆಂಪಗೆ ಹೊಳೆಯುತ್ತಿತ್ತು, ಇವನೂ ಹೊಳೆಯುತ್ತಿದ್ದ. ಸ್ವಲ್ಪ ದಿನಕ್ಕೆ ಮುಖ ಸಪ್ಪಗಾಯಿತು.

"ಇದ್ರಲ್ಲಿ ವಾಲ್ವ್ ಬರೀ ಶೋಕಿಗೆ ಇರೋದು ಕಣಮ್ಮ. ಅದಕ್ಕೆ ಬೇಕಾದಷ್ಟು ವೋಲ್ಟೇಜೇ ಕೊಟ್ಟಿಲ್ಲ. ಹೊಟ್ಟೆಗೆ ಹಾಕ್ದೆ ಹಾಡು ಅಂದಂಗಾಯ್ತು."

ಆಮೇಲೆ ಅಗ್ರಹಾರದ ಸಂದಿಯೊಂದರಲ್ಲಿ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರ ಮನೆಯ ಅಟ್ಟದಿಂದ ಒಂದು ಹಳೆಯ ವಾಲ್ವ್ ಹುಡುಕಿ ತಂದು ಅದೇ ಪೆಟ್ಟಿಗೆಗೆ ಹಾಕಿದ. ಕೂದಲೆಳೆಯಷ್ಟು ವ್ಯತ್ಯಾಸವಾಯಿತು. ಕೊನೆಗೆ ತನ್ನ ಬೈಕು ಮಾರಿ, ಯಾರೋ ಬಳಸಿದ ದೊಡ್ಡ ಪೆಟ್ಟಿಗೆಯೊಂದನ್ನು ತಂದು ಆ ಹಳೆಯ ವಾಲ್ವನ್ನು ಅದರಲ್ಲಿ ಕೂರಿಸಿದ. ಅದರೊಳಗೆ ವಾಲ್ವಿಗೆ ಹೊಟ್ಟೆ ತುಂಬ ವೋಲ್ಟೇಜ್ ಸಿಗುತ್ತದಂತೆ. ಅವತ್ತಿನಿಂದ ಅವನು ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದಾನೆ.

ಯಾವ ಪೆಟ್ಟಿಗೆ ಮೇಲು ಎಂದು ತೀರ್ಮಾನಿಸಲು ನನ್ನನ್ನೇ ಕರೆಯುತ್ತಿದ್ದ. ಕಣ್ಣು ಮುಚ್ಚಿಸಿ ಕೂರಿಸಿ, ಒಂದೇ ದನಿಯನ್ನು ಎರಡೂ ಪೆಟ್ಟಿಗೆಯಿಂದ ಕೇಳಿಸುತ್ತಿದ್ದ. ಯಾವುದು ಯಾವುದೆಂದು ಬಾಯಿ ಬಿಡುತ್ತಿರಲಿಲ್ಲ. "ಎರಡನ್ನೂ ಒಂದೇ ಜೋರಿಗೆ ಇಟ್ಟಿದೀನಮ್ಮ. ಇಲ್ದಿದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ, ಕಿವಿ ಮೋಸ ಹೋಗುತ್ತೆ" ಎನ್ನುತ್ತಿದ್ದ. ನನ್ನ ಓರಗಿತ್ತಿಯ ವಿಷಯದಲ್ಲಿ ನಮ್ಮ ಅತ್ತೆಯವರು ಮೋಸ ಹೋದದ್ದೂ ಹೀಗೇ. ಈ ಸೂತ್ರ ಆಗ ಗೊತ್ತಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು!

ಅವನ ಇನ್ನೊಂದು ಪದ್ಧತಿ ಹೇಳಲೇಬೇಕು. ಮೈಕಿನ ಮುಂದೆ ನಿಂತವರಿಗೆ "ಹಲೋ, ಚೆಕ್" ಎನ್ನಲು ಬಿಡುವುದಿಲ್ಲ. "ಮನೇಲಿ ಯಾರನ್ನಾದ್ರೂ ಕರೀರಿ. ಪಕ್ಕದ ರೂಮಲ್ಲಿ ಅವ್ರೆ ಅಂದ್ಕೊಳಿ" ಎನ್ನುತ್ತಾನೆ. ಮೈಕು ಕಂಡರೆ ಎಲ್ಲರಿಗೂ ಭಾಷಣದ ದನಿ ಬಂದುಬಿಡುತ್ತದೆ, ಮನೆಯವರನ್ನು ಕರೆಯುವಾಗ ಮಾತ್ರ ಸ್ವಂತ ದನಿ ಹೊರಡುತ್ತದೆ ಎನ್ನುವುದು ಅವನ ವಾದ. ಆ ಕರೆಯನ್ನು ಕೇಳಿಕೊಂಡು ಪ್ರೀಆಂಪಿನ ಗುಂಡಿ ತಿರುಗಿಸಿ ಹದ ಮಾಡುತ್ತಾನೆ. ಹದವಾದ ಕೂಡಲೇ ಆ ಕರೆಯನ್ನು ಅಳಿಸಿಬಿಡುತ್ತಾನೆ. ಬೇರೆಯವರ ಮನೆ ಮಾತು ತನ್ನ ಹತ್ತಿರ ಇರಬಾರದಂತೆ.

ಇನ್ನು ಬೀರಯ್ಯನವರು. ಹಿನಕಲ್‌ನಿಂದ ಟಿವಿಎಸ್ ಗಾಡಿಯ ಮೇಲೆ ಸೊಪ್ಪು ಹೇರಿಕೊಂಡು ನಮ್ಮ ಬೀದಿಗೆ ವರ್ಷಾನುಗಟ್ಟಲೆಯಿಂದ ಬರುವವರು. ಮನೆಯಲ್ಲಿ ಹೆಂಡತಿ ಇಂದ್ರಮ್ಮ ಸೊಪ್ಪು ಸೋಸಿ ಕಟ್ಟು ಕಟ್ಟಿ ಕಳಿಸುತ್ತಾರೆ. "ಸೊಪ್ಪಮ್ಮಾ ಸೊಪ್ಪೋ! ದಂಟಿನ್ ಸೊಪ್ಪೂ, ಕೀರೇ ಸೊಪ್ಪೂ, ಸಬ್ಸಿಗೇ ಸೊಪ್ಪೋ!" ತುಂಬಿದ ಹಂಡೆಯ ಮೇಲೆ ತಟ್ಟಿದಂಥ ದನಿ. ಆ ಕೂಗಿಗೆ ಬೀದಿಯ ಗೇಟುಗಳೆಲ್ಲ ಒಂದೊಂದಾಗಿ ತೆರೆಯುತ್ತಿದ್ದವು. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ದಸರಾ ಶುರುವಾದ ಮೇಲೆ ಒಂದು ದಿನ ನಮ್ಮ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಪಿಸುದನಿಯಲ್ಲಿ ಹೇಳಿದರು.

"ಗಂಟ್ಲಲ್ಲಿ ಗೆಡ್ಡೆ ಆಗ್ಯದಂತೆ ಅಮ್ಮಾವ್ರೆ. ಮಾತಿನ್ ಪೆಟ್ಗೇನೇ ತಗೀಬೇಕಂತೆ. ಜೀವ ಉಳೀತದೆ, ಮಾತು ಹೋಯ್ತದೆ ಅಂದ್ರು ಡಾಕ್ಟ್ರು. ಕೂಗ್ದೆ ಹೋದ್ರೆ ಸೊಪ್ಪು ಯಾರ್ ತಗತಾರೆ?"

ಸಮಾಧಾನ ಹೇಳುವುದು ನನ್ನಿಂದಾಗುವ ಕೆಲಸವಲ್ಲ. ನೇರ ಹಿಂದಿನ ರೂಮಿಗೆ ಕರೆದುಕೊಂಡು ಹೋದೆ. "ಇವರ ಕೂಗನ್ನ ಹಿಡಿದಿಡೋ. ಗಾಡಿಗೆ ಸ್ಪೀಕರ್ ಕಟ್ಟಿಕೊಂಡು ಹೋಗಲಿ" ಎಂದೆ. ಯೋಗೇಂದ್ರ ಗೋಡೆಯ ಕ್ಯಾಲೆಂಡರ್ ನೋಡಿದ. ಆಯುಧಪೂಜೆ ಹತ್ತಿರವಿತ್ತು, ಸಾಮಾನೆಲ್ಲ ಆಗಲೇ ಪೂಜೆಗಿಟ್ಟಿದ್ದ. ಪೂಜೆಗಿಟ್ಟದ್ದನ್ನು ಅವನು ವಿಜಯದಶಮಿ ಮುಗಿಯುವವರೆಗೆ ಮುಟ್ಟುವುದಿಲ್ಲ. ಬೀರಯ್ಯನವರ ಆಪರೇಷನ್ ಅದರ ಮುಂದಿನ ವಾರ. "ದಶಮಿ ಮಾರನೇ ದಿನ ಬಂದ್ಬುಡಿ. ಅಲ್ಲೀಗಂಟ ಮಾತಾಡ್ಬೇಡಿ, ದನಿ ಉಳಿಸ್ಕಳಿ" ಎಂದು ಕಳಿಸಿದ.

ಹೇಳಿದ ದಿನವೇ ಬಂದರು. ಸೊಪ್ಪು ತಂದಿರಲಿಲ್ಲ, ಬಿಳಿ ಅಂಗಿ ಹಾಕಿಕೊಂಡಿದ್ದರು.

"ಮನೇಲಿ ಯಾರನ್ನಾದ್ರೂ ಕರೀರಿ" ಎಂದ ಯೋಗೇಂದ್ರ.

"ಇನ್ಯಾರ್ನ ಕರೀಲಿ, ನಮ್ ಇಂದ್ರಮ್ಮನ್ನೇಯ" ಎಂದು ನಾಚಿಕೊಂಡು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. "ಇಂದ್ರಾ... ಎಲ್ಲಿದ್ದಿಯಮ್ಮಿ? ಒಂದ್ ಲೋಟ ನೀರ್ ತತ್ತಾ."

ಸಣ್ಣ ಪೆಟ್ಟಿಗೆಯಲ್ಲಿ ಅದು ತಗಡು ಕೆರೆದ ಹಾಗೆ ಕೇಳಿಸಿತು. ಬರೀ ಕಾಯಿಲೆಯ ದನಿ. ದೊಡ್ಡ ಪೆಟ್ಟಿಗೆಗೆ ಮೈಕು ಸಿಕ್ಕಿಸಿ ಮತ್ತೆ ಕರೆಸಿದ. ಈ ಸಲ ಗೊಗ್ಗರಿನ ಕೆಳಗೆ ಅವರ ಹಳೆಯ ದನಿಯ ತಳ ಹಾಗೇ ಇರುವುದು ಕೇಳಿಸಿತು. ಯೋಗೇಂದ್ರನಿಗೆ ಆಸೆ ಹೆಚ್ಚಾಯಿತು. ಇನ್ನೂ ಮೈ ತುಂಬಲಿ ಎಂದು ಗುಂಡಿಯನ್ನು ಮುಂದೆ ತಿರುಗಿಸಿದ. ದನಿಯ ಜೊತೆ ಗೊಗ್ಗರೂ ಊದಿಕೊಂಡು, ನಾಟಕದ ರಾಕ್ಷಸ ಹೆಂಡತಿಯನ್ನು ಕರೆದ ಹಾಗಾಯಿತು. "ಇದು ನಮ್ಮ ಬೀರಯ್ಯ ಅಲ್ಲ ಕಣೋ" ಎಂದೆ. ಅವನು ಒಪ್ಪಿದ. ಗುಂಡಿಯನ್ನು ಇಷ್ಟಿಷ್ಟೇ ಹಿಂದಕ್ಕೆ ತಂದು, ಬೀರಯ್ಯನವರೇ ಮಾತಾಡಿದ ಹಾಗೆ ಕೇಳಿಸುವ ಜಾಗದಲ್ಲಿ ನಿಲ್ಲಿಸಿದ.

ಸರಿ, ಇನ್ನು ಕೂಗಬೇಕು ಎನ್ನುವಷ್ಟರಲ್ಲಿ ಪೆಟ್ಟಿಗೆ ಬಿಸಿಯಾಗಿ ಚಟಪಟ ಎನ್ನತೊಡಗಿತು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ, ಪ್ರತಿ ಮಾತಿನ ಮೇಲೂ. ವೈರು ಬದಲಾಯಿಸಿದ, ಮೈಕು ಬದಲಾಯಿಸಿದ. ಇನ್ವರ್ಟರ್ ಮೇಲೆ ಅನುಮಾನಪಟ್ಟ. ಆಮೇಲೆ ನನ್ನ ಫ್ರಿಜ್ಜಿನ ಮೇಲೆ ಗೂಬೆ ಕೂರಿಸಿ ಅದನ್ನೂ ಆರಿಸಿದ. ನನ್ನ ಮೊಸರು ಹುಳಿಯಾಯಿತೇ ಹೊರತು ಚಟಪಟ ನಿಲ್ಲಲಿಲ್ಲ. ಅಷ್ಟರಲ್ಲಿ ಬೀರಯ್ಯನವರ ದನಿ ಪೂರಾ ಬಿದ್ದುಹೋಗಿತ್ತು. ಕೈಸನ್ನೆಯಲ್ಲೇ ಬರುತ್ತೇನೆಂದು ಹೇಳಿ ಹೊರಟರು.

ಮಾರನೆಯ ದಿನವೇ ಕೊನೆಯ ದಿನ. ಅದು ಕಳೆದರೆ ಅವರು ಆಸ್ಪತ್ರೆ ಸೇರಬೇಕು. ಬೆಳಿಗ್ಗೆಯೇ ಬಂದು ಕೂತರು. ಪೆಟ್ಟಿಗೆ ಬಿಸಿಯಾಯಿತು, ಮತ್ತೆ ಅದೇ ಸಿಡಿತ. ಯೋಗೇಂದ್ರ ತಲೆ ಮೇಲೆ ಕೈ ಹೊತ್ತು ಕೂತ. ಸಣ್ಣ ಪೆಟ್ಟಿಗೆಯಲ್ಲೇ ಮುಗಿಸಿಬಿಡು ಎಂದು ನಾನು ಹೇಳಿದೆ, ಅವನು ಬೇಡವೆಂದು ತಲೆಯಾಡಿಸಿದ. ಆಗ ಬೀರಯ್ಯನವರು ಪೆಟ್ಟಿಗೆಯ ಹತ್ತಿರ ಬಗ್ಗಿ ಎರಡೂ ಕೈ ಮುಗಿದರು.

"ದೇವ್ರ ಮನೆ ವಾಸ್ನೆ ಬತ್ತಾ ಅದೆ ಬುದ್ಧಿ" ಎಂದರು, ಪಿಸುದನಿಯಲ್ಲಿ.

ನಿಜ. ನನಗೂ ಹಿಂದಿನ ದಿನದಿಂದ ಗಂಧದ ಘಮ ಬರುತ್ತಿತ್ತು, ಊದುಬತ್ತಿ ಹಚ್ಚಿದ್ದಾನೆ ಎಂದುಕೊಂಡಿದ್ದೆ. ಯೋಗೇಂದ್ರ ಮಾತ್ರ ಹಾವು ತುಳಿದವನ ಹಾಗೆ ಎದ್ದ. ಸ್ವಿಚ್ ಆರಿಸಿ, ಒಳಗಿನ ಕರೆಂಟ್ ಇಳಿಯಲಿ ಎಂದು ಕಾದು, ಮುಚ್ಚಳ ಬಿಚ್ಚಿ ವಾಲ್ವನ್ನು ಎಳೆದ. ಅದರ ಕೆಳಗಿನ ಪಿನ್ನುಗಳ ಸುತ್ತ ಗಂಧ ಒಣಗಿ ಮೆತ್ತಿಕೊಂಡಿತ್ತು, ನಡುವೆ ಕುಂಕುಮ. ಬೇರೆ ಯಂತ್ರಗಳಿಗೆಲ್ಲ ಹಣೆಗೆ ಬೊಟ್ಟಿಟ್ಟು ಸುಮ್ಮನಾದ ಪುಣ್ಯಾತ್ಮ, ಈ ವಾಲ್ವನ್ನು ಮಾತ್ರ ಬಿಚ್ಚಿ ತಟ್ಟೆಯಲ್ಲಿಟ್ಟು ಚಾಮುಂಡೇಶ್ವರಿ ಪಟದ ಮುಂದೆ ಕೂರಿಸಿದ್ದ. ಭಕ್ತಿ ಹೆಚ್ಚಾಗಿ ಅದರ ಕಾಲಿಗೂ ಗಂಧ ಹಚ್ಚಿ, ಹಾಗೇ ವಾಪಸ್ಸು ಸಿಕ್ಕಿಸಿದ್ದ.

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಾಕಿಕೊಂಡು ಪಿನ್ನುಗಳನ್ನೂ ಅವು ಕೂರುವ ತೂತುಗಳನ್ನೂ ತಿಕ್ಕಿ, ಒಣಗಿಸಿ, ಮತ್ತೆ ಕೂರಿಸಿದ. ಪೆಟ್ಟಿಗೆ ಬಿಸಿಯಾಯಿತು. ಸಿಡಿತವಿಲ್ಲ. ಬೀರಯ್ಯನವರು ಬಿಸಿನೀರು ಕುಡಿದು ಮೈಕಿನ ಮುಂದೆ ನಿಂತರು. ಮೊದಲ ಸಲ ಸಬ್ಬಸಿಗೆಗೆ ಬರುವಷ್ಟರಲ್ಲಿ ದನಿ ಮುರಿಯಿತು. ಕಣ್ಣು ಮುಚ್ಚಿ ಸುಧಾರಿಸಿಕೊಂಡು ಮತ್ತೆ ಕೂಗಿದರು. ನಾನು ಯಾವುದಕ್ಕೂ ಇರಲಿ ಎಂದು ಫ್ರಿಜ್ಜಿನ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ಅಡಿಗೆಮನೆಯಲ್ಲಿ ನಿಂತಿದ್ದೆ. ಬಾಗಿಲು ದಾಟಿ ಆ ಕೂಗು ಪೂರ್ತಿ ಬಂತು, ದಂಟು, ಕೀರೆ, ಸಬ್ಬಸಿಗೆ ಎಲ್ಲವೂ. ನಿಂತಲ್ಲೇ ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ಯೋಗೇಂದ್ರ ಆ ಕೂಗನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಆಮೇಲೆ ಬೀರಯ್ಯನವರ ಕಿವಿಯಲ್ಲಿ ಏನೋ ಕೇಳಿದ, ಅವರು ಹೂಂ ಎಂದು ತಲೆಯಾಡಿಸಿದರು. ಅವರ ಫೋನು ತೆಗೆದುಕೊಂಡು ಅದಕ್ಕೂ ಏನೋ ತುಂಬಿದ.

"ಅದೇನೋ ಅದು?" ಎಂದೆ.

"ಇದು ಬೀದಿಗಲ್ಲಮ್ಮ, ಮನೆಗೆ" ಎಂದ. "ಈ ಸಲ ಅಳ್ಸೋಕೆ ಮನಸ್ಸು ಬರ್ಲಿಲ್ಲ."

ಆಪರೇಷನ್ ಆಯಿತು, ಜೀವ ಉಳಿಯಿತು. ಧನುರ್ಮಾಸದ ಹೊತ್ತಿಗೆ ಟಿವಿಎಸ್ ಮತ್ತೆ ನಮ್ಮ ಬೀದಿಗೆ ಬಂತು. ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಬೀರಯ್ಯನವರು ಸುಮ್ಮನೆ ನಗುತ್ತ ಗಾಡಿ ತಳ್ಳುತ್ತಿದ್ದರು, ಮುಂದೆ ಕಟ್ಟಿದ ಸ್ಪೀಕರಿನಲ್ಲಿ ಅವರದೇ ಕೂಗು. ಗೇಟುಗಳು ತೆರೆದವು. ಯೋಗೇಂದ್ರ ತನ್ನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದ. ಅವತ್ತು ಅವನಿಗೆ ಮೆಂತ್ಯ ಸೊಪ್ಪಿನ ಪಲ್ಯ ಮಾಡಿ ಕೊಟ್ಟೆ. ಈ ಜನ್ಮದಲ್ಲಿ ಅವನನ್ನು ಖಾಲಿ ಮಾಡಿಸುವ ಮಾತಿಲ್ಲ, ಬೇಕಾದರೆ ಚಟ್ನಿಯನ್ನು ಒರಳಲ್ಲೇ ರುಬ್ಬುತ್ತೇನೆ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಹಿಡಿದು ಹಿನಕಲ್‌ಗೆ ಹೋದೆ. ಬೀರಯ್ಯನವರು ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು, ಕೂರಲು ಜಾಗ ತೋರಿಸಿ, ಜೇಬಿನಿಂದ ಫೋನು ತೆಗೆದು ಒತ್ತಿದರು.

"ಇಂದ್ರಾ... ಎಲ್ಲಿದ್ದಿಯಮ್ಮಿ? ಒಂದ್ ಲೋಟ ನೀರ್ ತತ್ತಾ."

"ಬಂದೆ ತಡೀರಿ, ಎಷ್ಟ್ ಸಲ ಕರ್ದೀರಿ!" ಒಳಗಿನಿಂದ ಗದರಿದ ಸದ್ದು. ಇಂದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೀರಿನ ಲೋಟ ಹಿಡಿದು ಬಂದರು. ಗಂಡನ ಪಕ್ಕದಲ್ಲಿ ಆಗಲೇ ಒಂದು ತುಂಬಿದ ಲೋಟವಿತ್ತು.

"ಬಾಯಾರಿಕೆ ಇಲ್ಲ ಅಂತ ನಂಗೂ ಗೊತ್ತು ಕಣಮ್ಮ" ಎಂದರು ನನಗೆ. "ಕರೀತಾರಲ್ಲ, ಅದ್ಕೇ ಬತ್ತೀನಿ."

ಬೀರಯ್ಯನವರು ಬೇರೆ ಕಡೆ ನೋಡುತ್ತ ನಗುತ್ತಿದ್ದರು. ಆ ನೀರನ್ನು ನಾನು ಕುಡಿದೆ.