ಗಡಿಯಾರದಕ್ಕನ ಪ್ರಾಜೆಕ್ಟು

ಬಾಟಲಿ ಮುಚ್ಚಳ ತಯಾರಿಸುವ ಆ ಕಾರ್ಖಾನೆಯಲ್ಲಿ, ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂದು ಬರೆಯುವವಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ನೆತ್ತಿಯ ಮೇಲೆ ದೊಡ್ಡದೊಂದು ಗೋಡೆ ಗಡಿಯಾರ, ಮುಂದೆ ಹಾಜರಿ ಪುಸ್ತಕ, ಕೈಯಲ್ಲಿ ನೀಲಿ ಪೆನ್ನು. ಹತ್ತೊಂಬತ್ತು ವರ್ಷದಲ್ಲಿ ಸುಮಾರು ಪೆನ್ನು ಸವೆದವು, ಕುರ್ಚಿ ಮಾತ್ರ ಅದೇ.

ಅಂಥವಳು ನಲವತ್ತೆರಡನೆಯ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿ ವ್ಯವಹಾರ ಆಡಳಿತ ಓದಲು ಹೊರಟಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಮಹಡಿಯ ಮೇಲಿನ ಸಿಬ್ಬಂದಿ ವಿಭಾಗದಲ್ಲಿ ಸಹಾಯಕರ ಜಾಗವೊಂದು ಮೂರು ವರ್ಷದಲ್ಲಿ ಖಾಲಿಯಾಗುವುದಿತ್ತು. ಪದವಿ ಕೈಗೆ ಬಂದರೆ ಅದು ನಿಮಗೇ ಎಂದು ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದರು. ಇಲ್ಲದಿದ್ದರೆ ಹೊರಗಿನವರು ಯಾರೋ ಬಂದು ಕೂರುತ್ತಾರೆ, ಇವಳು ನಿವೃತ್ತಿಯ ತನಕ ಗೇಟು ಕಾಯಬೇಕು. ಚಳಿಗೆ ಕೈ ಮರಗಟ್ಟುವ, ಬೇಸಿಗೆಯಲ್ಲಿ ಕಾದ ಪ್ಲಾಸ್ಟಿಕ್ಕಿನ ವಾಸನೆಗೆ ತಲೆ ಸಿಡಿಯುವ ಆ ಕೋಣೆ ಅವಳಿಗೆ ಸಾಕಾಗಿ ಹೋಗಿತ್ತು. ಅದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವ ಆಸೆ ನನಗಿಲ್ಲ.

ಪರೀಕ್ಷೆಗಳನ್ನೆಲ್ಲ ಹೇಗೋ ದಾಟಿದಳು. ಉಳಿದದ್ದು ಮಾನವ ಸಂಪನ್ಮೂಲದ ಸಂಶೋಧನಾ ಪ್ರಾಜೆಕ್ಟು. ಶನಿವಾರದೊಳಗೆ ವಿಷಯ ಒಪ್ಪಿಸದಿದ್ದರೆ ಒಂದು ವರ್ಷ ನೀರಿನಲ್ಲಿ ಹೋಮ.

ಸೋಮವಾರ ಅವಳು ಮೇಷ್ಟರ ಮುಂದೆ "ಉದ್ಯೋಗ ತೃಪ್ತಿ" ಎಂದು ಬರೆದ ಚೀಟಿ ಇಟ್ಟಳು. ಮೇಷ್ಟರು ಅವಳಿಗಿಂತ ಆರು ವರ್ಷ ಚಿಕ್ಕವರು, ಆದರೂ ಬೇಸರ ಪಡುವುದರಲ್ಲಿ ಹಿರಿಯರು. ಎದ್ದು ಹೋಗಿ ಕಬ್ಬಿಣದ ಬೀರು ತೆಗೆದರು. ಒಳಗೆ ಒಂದೇ ಬಣ್ಣದ ರಟ್ಟು ಹಾಕಿದ ಪ್ರಾಜೆಕ್ಟುಗಳು ಒತ್ತೊತ್ತಾಗಿ ಕೂತಿದ್ದವು.

"ಎಣಿಸಿ."

ಅವಳು ಎಣಿಸಿದಳು. ಉದ್ಯೋಗ ತೃಪ್ತಿ ಹನ್ನೊಂದಿತ್ತು.

"ಎಲ್ಲಾದ್ರಲ್ಲೂ ಕೆಲಸಗಾರರು ತೃಪ್ತರಾಗೇ ಇದಾರೆ," ಎಂದರು ಮೇಷ್ಟರು. "ನನಗೊಬ್ಬನಿಗೇ ತೃಪ್ತಿ ಇಲ್ಲ. ಬೇರೆ ಏನಾದ್ರೂ ತನ್ನಿ."

ಮನೆಯಲ್ಲಿ ತಾಯಿ ಮಗಳು ಒಂದೇ ಮೇಜಿನ ಎರಡು ತುದಿಯಲ್ಲಿ ಓದಿಕೊಳ್ಳುತ್ತಿದ್ದರು. ಮಗಳಿಗೂ ಅದು ಕಡೇ ವರ್ಷ. ತಾಯಿ ಪೆನ್ನಿನ ತುದಿ ಕಚ್ಚುತ್ತ ಕೂತದ್ದನ್ನು ನೋಡಿ ನೋಡಿ ಅವಳ ತಾಳ್ಮೆ ತಪ್ಪಿತು.

"ಒತ್ತಡ ನಿರ್ವಹಣೆ ತಗೋಮ್ಮ. ನಿನ್ನ ನೋಡ್ತಿದ್ರೇ ನಂಗೆ ಒತ್ತಡ ಬರ್ತಿದೆ."

"ತಮಾಷೆ ಬಿಡು."

"ಸರಿ, ಬೇರೆ ಯಾರ ಹತ್ರನೂ ಇಲ್ದೇ ಇರೋದು ನಿನ್ನ ಹತ್ರ ಏನಿದೆ, ಅದನ್ನ ಹೇಳು."

ಅವಳ ಹತ್ತಿರ ಇದ್ದದ್ದು ಹಾಜರಿ ಪುಸ್ತಕ. ಮರುದಿನವೇ ಹೋಗಿ "ಕಾರ್ಮಿಕರು ತಡವಾಗಿ ಬರುವುದು: ಒಂದು ಅಧ್ಯಯನ" ಎಂದಳು. ಮೇಷ್ಟರು ನೆಟ್ಟಗೆ ಕೂತರು. ಬೇರೆ ವಿದ್ಯಾರ್ಥಿಗಳು ಅಂಕಿಅಂಶಕ್ಕಾಗಿ ಕಾರ್ಖಾನೆಗಳ ಬಾಗಿಲು ತಟ್ಟಿ ತಟ್ಟಿ ಕೊನೆಗೆ ಮನೆಯಲ್ಲೇ ಕೂತು ಸುಳ್ಳು ಅಂಕಿ ಕಟ್ಟಿಕೊಂಡು ಬರುತ್ತಿದ್ದರು. ಇಲ್ಲಿ ಅಂಕಿಅಂಶವೇ ಕಾಲಲ್ಲಿ ನಡೆದು ಬಂದಿತ್ತು. ಶುಕ್ರವಾರ ಎರಡು ತಿಂಗಳ ಲೆಕ್ಕ ತನ್ನಿ, ನೋಡೋಣ ಎಂದರು.

ಮೂರು ದಿನ ಊಟದ ಬಿಡುವಿನಲ್ಲಿ ಕೂತು ತಡವಾಗಿ ಬಂದವರನ್ನೆಲ್ಲ ನಕಲು ಮಾಡಿದಳು. ಇನ್ನೂರ ಹನ್ನೆರಡು ಸಲ. ಶುಕ್ರವಾರ ಸಂಜೆ ಮೇಷ್ಟರು ಆ ಹಾಳೆಗಳನ್ನು ಹರಡಿಕೊಂಡು ಗೆರೆ ಎಳೆದು ಚುಕ್ಕಿ ಇಡುತ್ತ ಹೋದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಕೆಲಸ ಶುರು ಎಷ್ಟಕ್ಕೆ?"

"ಎಂಟಕ್ಕೆ."

"ಎಂಟೂ ಹನ್ನೊಂದಕ್ಕೆ ಬಂದೋರಿದಾರೆ. ಎಂಟೂ ಕಾಲಿಗೆ, ಎಂಟೂವರೆಗೆ ಬಂದೋರಿದಾರೆ. ಎಂಟು ಗಂಟೆಯಿಂದ ಎಂಟೂ ಹತ್ತರೊಳಗೆ ಒಬ್ರೂ ಬಂದಿಲ್ಲ. ಎರಡು ತಿಂಗಳಲ್ಲಿ ಒಬ್ರೂ. ಮನುಷ್ಯರು ಹೀಗೆ ತಡ ಮಾಡಲ್ಲ ಅಕ್ಕ."

ಬರೆದದ್ದನ್ನು ಜನ ಓದುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬರೆಯದೆ ಬಿಟ್ಟದ್ದನ್ನೂ ಓದುವವರಿದ್ದಾರೆ ಎಂದು ಹೊಳೆದಿರಲೇ ಇಲ್ಲ.

ಹೇಳದೆ ಗತಿಯಿರಲಿಲ್ಲ, ಹೇಳಿದಳು. ಕಾರ್ಖಾನೆಯ ನಿಯಮದಲ್ಲಿ ಒಂದು ನಿಮಿಷವೂ ತಡವೇ. ತಿಂಗಳಿಗೆ ಮೂರು ತಡವಾದರೆ ಒಂದು ಎಚ್ಚರಿಕೆ ಪತ್ರ, ಮೂರು ಪತ್ರವಾದರೆ ಮನೆಗೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಚ್ಚಳ ಆರಿಸುವ ವಿಭಾಗದಲ್ಲಿ ಒಬ್ಬ ಸಣಕಲು ಹೆಂಗಸು ದಿನಾ ಏಳು ನಿಮಿಷ ತಡವಾಗಿ ಬರುತ್ತಿದ್ದಳು. ಹಾಸಿಗೆ ಹಿಡಿದ ತಾಯಿ ಮನೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಪಕ್ಕದ ಮನೆಯವಳು ಬಂದ ಮೇಲೇ ಇವಳು ಹೊರಡಬೇಕು. ಗಡಿಯಾರದಕ್ಕನಿಗೆ ಆಗ ಹೊಸ ಕೆಲಸದ ಹುರುಪು. ದಿನಾ ದುಂಡಗೆ, ಮುತ್ತು ಪೋಣಿಸಿದ ಹಾಗೆ, 8.07 ಎಂದು ಬರೆದಳು. ನಾಲ್ಕು ತಿಂಗಳಿಗೆ ಆ ಹೆಂಗಸಿನ ಕೆಲಸ ಹೋಯಿತು. ಹೋಗುವ ದಿನ ಅವಳಿಗೆ ಮೇಲಿನವರು ಆ ಪುಟಗಳನ್ನು ತೋರಿಸಿದ್ದರು. ಗೇಟಿನ ಹತ್ತಿರ ನಿಂತು ಅವಳು ಅಂದದ್ದು ಇಷ್ಟೇ: "ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ."

ಅಂದಿನಿಂದ ಎಂಟೂ ಹತ್ತರೊಳಗೆ ಯಾರೇ ಬರಲಿ, ಅವಳ ಪುಸ್ತಕದಲ್ಲಿ ಎಂಟು ಗಂಟೆ. ಯಾರಿಗೂ ಹೇಳಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ.

ಮೇಷ್ಟರು ಬೈಯುತ್ತಾರೆ ಎಂದುಕೊಂಡಿದ್ದಳು. ಅವರ ಮುಖ ಅರಳಿತ್ತು. "ಇದೇ ನಿಮ್ಮ ವಿಷಯ. ನಿಯಮ ಮೇಲಿರುತ್ತೆ, ಅದನ್ನ ಜಾರಿ ಮಾಡೋದು ಗೇಟಲ್ಲಿ ಕೂತ ಒಂದು ಕೈ. ಹತ್ತು ವರ್ಷದಿಂದ ಇಂಥದ್ದೊಂದಕ್ಕೆ ಕಾಯ್ತಿದೀನಿ. ಮೊದಲನೇ ದರ್ಜೆ ಬರೆದಿಟ್ಕೊಳ್ಳಿ."

"ಒಂದು ಪ್ರತಿ ಕಾರ್ಖಾನೆಗೂ ಕೊಡ್ಬೇಕಲ್ವಾ ಸರ್?"

"ಅದು ಹೇಗೂ ಕೊಡ್ಲೇಬೇಕು."

ಶನಿವಾರ ಅವಳು ಬಂದು ಮತ್ತೆ ಅದೇ ಹಳೇ ಚೀಟಿ ಇಟ್ಟಳು. ಉದ್ಯೋಗ ತೃಪ್ತಿ.

"ಇದು ಹನ್ನೆರಡನೇದು," ಎಂದರು ಮೇಷ್ಟರು. "ಕೈಗೆ ಬಂದದ್ದನ್ನ ಒದೀತಿದೀರಿ."

"ನನ್ನ ಏಳು ನಿಮಿಷ ಆಗಿದ್ರೆ ಬರೀತಿದ್ದೆ ಸರ್. ಅದು ಅವರದ್ದು."

ಮೇಷ್ಟರು ಚೀಟಿಗೆ ಸಹಿ ಹಾಕಿ, ಚುಕ್ಕಿ ಇಟ್ಟಿದ್ದ ಆ ಹಾಳೆಯನ್ನು ಮಡಚಿ ಅವಳ ಕೈಗೇ ಕೊಟ್ಟರು.

ಕಾಲೇಜಿನವರದ್ದೇ ಸಿದ್ಧ ಪ್ರಶ್ನಾವಳಿ ಇತ್ತು. ಹೆಸರು ಬರೆಯುವಂತಿಲ್ಲ. ಅರವತ್ತು ಜನರಿಗೆ ಹಂಚಿದಳು, ಅರವತ್ತೂ ವಾಪಸ್ಸು ಬಂತು. ಕೊನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಕೆಲಸದ ಜಾಗದಲ್ಲಿ ಏನು ಬದಲಾಗಬಾರದು? ಭಾನುವಾರ ಮಧ್ಯಾಹ್ನ ಮಗಳು ಒಂದೊಂದೇ ಹಾಳೆ ಓದುತ್ತಿದ್ದಳು, ತಾಯಿ ಗೀಟು ಹಾಕುತ್ತಿದ್ದಳು. ಕ್ಯಾಂಟೀನು, ಒಂದು. ಜೊತೆಯವರು, ಒಂದು. ಗೇಟು. ಗೇಟು. ಕ್ಯಾಂಟೀನು. ಗೇಟು.

"ಏನಮ್ಮ ಇದು? ನಲವತ್ತೊಂದು ಜನ ಗೇಟು ಅಂತ ಬರೆದಿದಾರೆ. ಆ ತುಕ್ಕು ಹಿಡಿದ ಗೇಟಲ್ಲಿ ಏನಿದೆ?"

ಹತ್ತೊಂಬತ್ತು ವರ್ಷ ಅವರು ಏದುಸಿರು ಬಿಡುತ್ತ ಬಂದು, ಪುಸ್ತಕದ ಕಡೆ ಕಣ್ಣು ಹಾಯಿಸದೆ ಒಳಗೆ ಹೋಗಿದ್ದರು. ಯಾರಿಗೂ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು. ಎಲ್ಲರಿಗೂ ಗೊತ್ತಿತ್ತು. ಅವಳು ಓದುತ್ತಿರುವುದೇ ಆ ಗೇಟು ಬಿಟ್ಟು ಮಹಡಿ ಹತ್ತುವುದಕ್ಕೆ ಎಂಬುದೂ ಅವರಿಗೆ ಗೊತ್ತಿತ್ತು. ಅವಳಿಗೆ ಅಳು ಬಂತು, ಮಗಳ ಎದುರಿಗೇ ಅತ್ತಳು.

ಅತ್ತಾದ ಮೇಲೆ ಕೋಷ್ಟಕ ಬರೆದಳು. ಕ್ಯಾಂಟೀನು ಹನ್ನೆರಡು, ಜೊತೆಯವರು ಏಳು, ಇತರೆ ನಲವತ್ತೊಂದು. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟರ ಬೆರಳು ಆ ಸಾಲಿನ ಮೇಲೆ ನಿಂತಿತು.

"ಇತರೆ ಇಷ್ಟೊಂದಾ?"

"ಹೌದು ಸರ್. ಚಿಲ್ಲರೆ ಉತ್ತರಗಳು."

ಮೇಷ್ಟರು ಪುಟ ಮಗುಚಿದರು. ಎರಡನೇ ದರ್ಜೆ ಬಂತು. ಮಹಡಿಯ ಜಾಗವೂ ಸಿಕ್ಕಿತು.

ಹೋಗುವ ಮುಂಚೆ ಒಂದು ವಾರ ಹೊಸಬನಿಗೆ ಕೆಲಸ ಕಲಿಸಬೇಕಿತ್ತು. ಆತ ಐವತ್ತರ ಆಸುಪಾಸಿನವನು, ಮೊದಲು ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುತ್ತಿದ್ದವನು. ಮೂರನೆಯ ದಿನ ಎಂಟೂ ಏಳಕ್ಕೆ ಆರಿಸುವ ವಿಭಾಗದ ಹುಡುಗಿಯೊಬ್ಬಳು ಓಡುತ್ತ ಬಂದಳು. ಆತ ಗಡಿಯಾರ ನೋಡಿ ಪೆನ್ನು ಎತ್ತಿದ.

"ತಾಳಿ," ಎಂದಳು ಗಡಿಯಾರದಕ್ಕ. "ಆ ಗಡಿಯಾರ ಹತ್ತು ನಿಮಿಷ ಮುಂದಿದೆ."

ಆತ ಜೇಬಿನಿಂದ ಮೊಬೈಲು ತೆಗೆದು ನೋಡಿದ. "ಸರಿಯಾಗೇ ಇದೆಯಲ್ಲ ಅಕ್ಕ."

"ಸರಿಯಾಗೇ ಇದೆ. ಹತ್ತೊಂಬತ್ತು ವರ್ಷದಿಂದ ಸರಿಯಾಗೇ ಇದೆ. ಆದ್ರೂ ಹತ್ತು ನಿಮಿಷ ಮುಂದಿದೆ."

ಆತ ಗಡಿಯಾರ ನೋಡಿದ, ಅವಳನ್ನು ನೋಡಿದ, ಕಿಟಕಿಯಾಚೆ ಉಸಿರು ಬಿಗಿಹಿಡಿದು ನಿಂತ ಹುಡುಗಿಯನ್ನು ನೋಡಿದ. ಆಮೇಲೆ ನಿಧಾನವಾಗಿ 8.00 ಎಂದು ಬರೆದ. ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅದೂ ಒಳ್ಳೆಯದೇ ಆಯಿತು ಎಂದುಕೊಂಡಳು ಅವಳು.