ಸುಣ್ಣದ ಬೊಟ್ಟಿನ ಕೆಳಗೆ

ನಾನು ಚಿಕ್ಕವಳಿದ್ದಾಗ ನಮ್ಮೂರು ಜಾವಳಿಗೆ ಇಬ್ಬರು ಡಾಕ್ಟರು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಒಬ್ಬರು ಪೇಟೆಯಿಂದ ಜೀಪಿನಲ್ಲಿ ಬರುವವರು. ಇನ್ನೊಬ್ಬಳು ನಾನು, ಸುಣ್ಣದ ಡಾಕ್ಟ್ರು. ಕಾಡಿನ ಜಿಗಣೆಗೆ ನಮ್ಮ ಕಡೆ ಇಂಬಳ ಅನ್ನುತ್ತಾರೆ. ಸಂಜೆ ತೋಟದಿಂದ ಬಂದವರೆಲ್ಲ ಜಗಲಿಯಲ್ಲಿ ಕಾಲು ಚಾಚಿ ಕೂತರೆ, ಅಮ್ಮನ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿಕೊಂಡು ನಾನು ಹಾಜರು. ಇಂಬಳ ಕಚ್ಚಿ ರಕ್ತ ಒಸರುವಲ್ಲಿ ಒಂದು ಬೊಟ್ಟು ಸುಣ್ಣ ಒತ್ತಿ ಹಿಡಿದರೆ ನಿಂತುಬಿಡುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಊರಲ್ಲಿ ಮೈಮೇಲೆ ಸುಣ್ಣದ ಬೊಟ್ಟಿಲ್ಲದ ಮನುಷ್ಯನೇ ಇರುತ್ತಿರಲಿಲ್ಲ. ನನಗೆ ಆಗ ಎಂಟು ವರ್ಷ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಆ ವರ್ಷ ಅಪ್ಪ, ಪಾಳು ಬಿದ್ದಿದ್ದ ಮೇಲಿನ ತೋಟಕ್ಕೆ ಮತ್ತೆ ಕಾಫಿ ಗಿಡ ಹಾಕಬೇಕೆಂದು ವಾರಗಟ್ಟಲೆ ಕಳೆ ಕೊಚ್ಚಿದರು. ಆಯುಧಪೂಜೆಯ ಮಾರನೆಯ ದಿನ ಅವರಿಗೆ ಜ್ವರ ಬಂತು. ಡಾಕ್ಟರು ಬಂದು ಮಲೇರಿಯಾ ಇರಬೇಕೆಂದು ಕಹಿ ಮಾತ್ರೆ ಕೊಟ್ಟು ಹೋದರು. ಜ್ವರ ಇಳಿಯಲಿಲ್ಲ. ಆರನೆಯ ದಿನ ಅಪ್ಪನಿಗೆ ನಮ್ಮ ಗುರುತೂ ಸರಿಯಾಗಿ ಸಿಗಲಿಲ್ಲ. ಹೊರಗೆ ಒಳ್ಳೆಯ ಬಿಸಿಲಿತ್ತು, ಒಳಗೆ ಕಾಳುಮೆಣಸಿನ ಕಷಾಯದ ಘಾಟು. ಒದ್ದೆ ಬಟ್ಟೆ ಹಣೆಗಿಟ್ಟರೆ ಗಳಿಗೆಯಲ್ಲಿ ಬಿಸಿಯಾಗುತ್ತಿತ್ತು. ಅಪ್ಪ ಸತ್ತುಹೋಗುತ್ತಾರೆ ಎಂದು ನನಗೆ ಯಾರೂ ಹೇಳಲಿಲ್ಲ, ಆದರೆ ಅಮ್ಮನ ಮುಖ ನೋಡಿದರೆ ಸಾಕಿತ್ತು.

ಡಾಕ್ಟರು ಮತ್ತೆ ಬಂದರು. ಅಪ್ಪನ ಕೈ ಹಿಡಿದು ನಾಡಿ ನೋಡಿದರು. "ಏನು ಜ್ವರ ಇದು, ಡಾಕ್ಟ್ರೇ?" ಎಂದು ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ. ಮಲೇರಿಯಾ ಅಂದ್ಕೊಂಡೆ. ಆ ಮಾತ್ರೆಗೆ ಇಷ್ಟು ದಿನ ಆದ್ರೂ ಜಗ್ಗಿಲ್ಲ ಅಂದ್ರೆ ನಾನೇ ತಪ್ಪಿರಬೇಕು. ಮೊದಲಿಂದ ನೋಡೋಣ."

ನನಗೆ ಆಶ್ಚರ್ಯವಾಯಿತು. ಅಷ್ಟು ದೊಡ್ಡ ಡಾಕ್ಟರು ಗೊತ್ತಿಲ್ಲ ಎನ್ನಬಹುದೇ?

ಅವರು ನಿಜಕ್ಕೂ ಮೊದಲಿಂದಲೇ ನೋಡಿದರು. ಕಣ್ಣು, ನಾಲಿಗೆ, ಕಿವಿಯ ಹಿಂದೆ, ಕಂಕುಳು, ಹೊಟ್ಟೆ. ಪಂಚೆ ಸಡಿಲಿಸಿದಾಗ ಉಡುದಾರದ ಕೆಳಗೆ, ಸೊಂಟದ ಹತ್ತಿರ, ಒಣಗಿದ ಸುಣ್ಣದ ಬೊಟ್ಟೊಂದು ಕಂಡಿತು. "ಅದು ಇಂಬಳ ಕಚ್ಚಿದ್ದು, ಇವಳೇ ಸುಣ್ಣ ಹಚ್ಚಿದ್ದು" ಎಂದಳು ಅಮ್ಮ. ಡಾಕ್ಟರು ತಲೆಯಾಡಿಸಿ ಮುಂದೆ ಹೋದರು. ಮೊಣಕಾಲಿನವರೆಗೆ ನೋಡಿದವರು ಏನೋ ನೆನಪಾದಂತೆ ಮತ್ತೆ ಸೊಂಟಕ್ಕೇ ಬಂದರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವರ ಕೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

"ಮಗು, ನೀನು ಸುಣ್ಣ ಹಚ್ಚುವಾಗ ಇಲ್ಲಿ ರಕ್ತ ಬರ್ತಿತ್ತಾ?"

ಬರುತ್ತಿರಲಿಲ್ಲ. ಹಬ್ಬದ ಸಂಜೆ ಅಪ್ಪ ಅಂಗಿ ಎತ್ತಿ, "ಇಲ್ಲೇನೋ ಆಗಿದೆ, ನೋಡು ಮಾರಾಯ್ತಿ" ಎಂದಿದ್ದರು. ಊದುಬತ್ತಿ ತಾಗಿ ಸುಟ್ಟ ಹಾಗೆ ಸಣ್ಣದೊಂದು ಕಪ್ಪು ಹಕ್ಕಳೆ ಇತ್ತು. ಏನೆಂದು ನನಗೆ ತಿಳಿಯಲಿಲ್ಲ. ಸುಣ್ಣದ ಡಾಕ್ಟರಿಗೆ ತಿಳಿಯದು ಎಂದರೆ ಮರ್ಯಾದೆ ಹೋಗುವುದಿಲ್ಲವೇ? ಇಂಬಳ ಎಂದು ಹೇಳಿ ಬೊಟ್ಟಿಟ್ಟುಬಿಟ್ಟಿದ್ದೆ.

ಈಗ ಅಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಸುಣ್ಣದಿಂದಲೇ ಅಪ್ಪನಿಗೆ ಹೀಗಾಯಿತೇನೋ ಎಂದು ಭಯವಾಯಿತು. 'ಹೂಂ, ಬರ್ತಿತ್ತು' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಈ ಡಾಕ್ಟರು ಆಗಷ್ಟೇ ಗೊತ್ತಿಲ್ಲ ಎಂದಿದ್ದರಲ್ಲ, ಅವರನ್ನು ಯಾರೂ ಬೈದಿರಲಿಲ್ಲ.

"ಇಲ್ಲ" ಎಂದು ಗೊಳೋ ಎಂದು ಅತ್ತುಬಿಟ್ಟೆ. "ರಕ್ತ ಇರ್ಲಿಲ್ಲ. ಮೊದಲೇ ಕಪ್ಪಾಗಿತ್ತು. ಗೊತ್ತಾಗ್ದೆ ಸುಮ್ನೆ ಇಂಬಳ ಅಂದೆ."

ಡಾಕ್ಟರು ನನ್ನ ತಲೆ ಸವರಿ, ಒದ್ದೆ ಹತ್ತಿಯಿಂದ ಸುಣ್ಣ ಒರೆಸಿದರು. ಕೆಳಗೆ ಅದೇ ಕಪ್ಪು ಹಕ್ಕಳೆ, ಸುತ್ತ ಕೆಂಪು. ಕಳೆ ಕೊಚ್ಚಿದ್ದು ಯಾವಾಗ, ಕಲೆ ಕಂಡಿದ್ದು ಯಾವಾಗ, ಜ್ವರ ಬಂದಿದ್ದು ಯಾವಾಗ ಎಂದು ಬೆರಳು ಮಡಚಿ ಎಣಿಸಿದರು.

"ಸೈನ್ಯದಲ್ಲಿದ್ದಾಗ ಇಂಥದ್ದನ್ನ ನೋಡಿದ್ದೆ" ಎಂದರು ಅಮ್ಮನಿಗೆ, ಚೀಲದಿಂದ ಬೇರೆ ಔಷಧಿಯ ಬಾಟಲಿ ತೆಗೆಯುತ್ತ. "ಕುರುಚಲಲ್ಲಿ ಕಣ್ಣಿಗೆ ಕಾಣದ ಹುಳ ಇರ್ತದೆ. ಅದು ಕಚ್ಚಿದ ಕಡೆ ಹೀಗೆ ಕಪ್ಪಾಗ್ತದೆ, ಆಮೇಲೆ ಜ್ವರ. ಅದೇ ಇರಬೇಕು ಅನ್ಸುತ್ತೆ, ಖಾತ್ರಿ ಇಲ್ಲ. ಟೈಫಾಯ್ಡೂ ಇರಬಹುದು. ಈ ಮದ್ದು ಎರಡಕ್ಕೂ ಆಗ್ತದೆ. ಇದರಲ್ಲೂ ಅಪಾಯ ಇಲ್ಲ ಅನ್ನಲ್ಲ, ಆದ್ರೆ ಕಾಯೋದು ಇನ್ನೂ ಅಪಾಯ. ಹುಳದ ಜ್ವರ ಆದ್ರೆ ಎರಡು ದಿನದಲ್ಲಿ ಇಳೀತದೆ, ಟೈಫಾಯ್ಡ್ ಅಷ್ಟು ಬೇಗ ಇಳಿಯಲ್ಲ. ಅಷ್ಟರಲ್ಲಿ ಉಸಿರಾಟ ಜೋರಾದ್ರೆ ಒಂದು ಗಳಿಗೆ ನಿಲ್ಲದೆ ಚಿಕ್ಕಮಗಳೂರಿಗೆ. ಜೀಪು ಹೇಳಿಟ್ಟಿರಿ."

ಆ ಎರಡು ದಿನ ನಾನು ಅಪ್ಪನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಿದ್ದೆ. ಎರಡನೆಯ ದಿನ ಮಧ್ಯಾಹ್ನ ಅವರ ಕತ್ತು ಬೆವತು ದಿಂಬು ಒದ್ದೆಯಾಯಿತು. ಕಣ್ಣು ಬಿಟ್ಟು, ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ ಬೇಕು ಎಂದರು. ಅಮ್ಮ ಅಡಿಗೆಮನೆಗೆ ಹೋಗಿ ಅತ್ತಳು. ಮತ್ತೆ ಬಂದಾಗ ಡಾಕ್ಟರು ನನಗೊಂದು ಖಾಲಿ ಔಷಧಿ ಬಾಟಲಿ ಕೊಟ್ಟು, "ಮದ್ದು ನನ್ನದು, ಸುಳಿವು ನಿನ್ನದು" ಎಂದರು. ಅಪ್ಪ ಮಾತ್ರ ಆಮೇಲೆ ಬದುಕಿದಷ್ಟು ವರ್ಷವೂ ನನ್ನ ಕೈಯಲ್ಲಿ ಸುಣ್ಣದ ಡಬ್ಬಿ ಕಂಡರೆ, "ರಕ್ತ ನೋಡಿದ್ಯಾ, ಡಾಕ್ಟ್ರೇ?" ಎಂದು ಕೆಣಕದೆ ಬಿಡಲಿಲ್ಲ.

ಮಕ್ಕಳೇ, ನಿಮ್ಮ ಕಾಲವೇ ಬೇರೆ. ಬೆರಳಿಗೆ ಸೂಜಿ ಚುಚ್ಚಿದರೆ ಸಂಜೆಯೊಳಗೆ ನಿಮ್ಮಪ್ಪನ ಮೊಬೈಲಿಗೆ ರಿಪೋರ್ಟು ಬರುತ್ತದೆ. ಒಳ್ಳೆಯದೇ. ನಮಗೂ ಅದಿದ್ದಿದ್ದರೆ ಆ ಆರು ದಿನ ಅಮ್ಮ ಅಷ್ಟು ಬೇಯುತ್ತಿರಲಿಲ್ಲ. ಆದರೂ ನಿಮ್ಮ ಡಾಕ್ಟರು ಇವತ್ತಿಗೂ ಕಂಪ್ಯೂಟರಿನಿಂದ ಕಣ್ಣೆತ್ತಿ, ಯಾವಾಗಿಂದ, ಎಲ್ಲಿ ಹೋಗಿದ್ದೆ, ಏನು ತಿಂದೆ ಎಂದು ನಿಮ್ಮನ್ನೇ ಕೇಳುತ್ತಾರೆ. ಆಗ ನೀವು ನನ್ನ ಮುಖ ನೋಡುತ್ತೀರಿ. ನನ್ನನ್ನೇನು ನೋಡುವುದು? ಆದದ್ದನ್ನು ಆದ ಹಾಗೆ ಹೇಳಿ. ತಿಳಿಯದಿದ್ದರೆ ತಿಳಿಯದು ಎನ್ನಿ, ನಾನು ಬೈಯುವುದಿಲ್ಲ. ಇನ್ನು ಜ್ವರ ಬಂದ ದಿನ ನಾನು ನಿಮ್ಮ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದಲ್ಲಿ ಹುಡುಕಿದರೆ, "ಅಜ್ಜೀ, ಕಚಗುಳಿ!" ಎಂದು ಹೊರಳಾಡಿ ನಗುತ್ತೀರಲ್ಲ, ಎಷ್ಟು ಬೇಕಾದರೂ ನಗಿ. ನಾನು ಹುಡುಕುವುದನ್ನು ಮಾತ್ರ ಬಿಡುವುದಿಲ್ಲ.