ಅವ್ವನ ಮಡಿ, ಮೋಟಾರಿನ ತೊಗಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಂಥವನು ಹಳೆಯ ಮೋಟಾರು ಕೊಳ್ಳಬಾರದು. ಆದರೂ ಕೊಂಡೆ. ಮೂವತ್ತರ ದಶಕದ ಮಾತು. ಮಾಳಮಡ್ಡಿಯಲ್ಲಿ ಮನೆ, ಧಾರವಾಡ ಕೋರ್ಟಿನಲ್ಲಿ ವಕೀಲಿ. ಊರು ಬಿಟ್ಟು ಹೊರಟ ಸಾಹೇಬನೊಬ್ಬ ಮಾರಿದ ಆ ಗಾಡಿಗೆ ಆಗಲೇ ಇಪ್ಪತ್ತು ವರ್ಷ ತುಂಬುತ್ತ ಬಂದಿತ್ತು. ಹರಿದ ಟಾಪು, ಕಾರ್ಬೈಡಿನ ದೀಪ, ತುಕ್ಕು ಹಿಡಿದ ಮೈ. ಹ್ಯಾಂಡಲ್ ತಿರುವಿದರೆ ಮೊದಲು ಕೆಮ್ಮುವುದು, ಆಮೇಲೆ ಹೊಗೆ ಬಿಡುವುದು, ಕಡೆಗೆ ಮನಸ್ಸು ಬಂದರೆ ಶುರುವಾಗುವುದು.

ಕೊಂಡದ್ದು ಷೋಕಿಗಲ್ಲ. ಅವ್ವ ತನ್ನ ತಂಗಿಯ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಈ ಮೌಶಿ ಇದ್ದದ್ದು ಬಂಕಾಪುರದಲ್ಲಿ, ಹಾಸಿಗೆ ಹಿಡಿದಿದ್ದಳು. ಅಕ್ಕ ತಂಗಿ ಇಬ್ಬರದೂ ಕಟ್ಟಾ ಮಡಿ. ಯಾರ್ಯಾರೋ ಕೂತೆದ್ದ ಹಲಗೆ ಎಂದು ಅವ್ವ ರೈಲು ಹತ್ತುವವಳಲ್ಲ. ಚಕ್ಕಡಿಯ ಕುಲುಕಾಟ ಅವಳ ಸೊಂಟಕ್ಕೆ ಆಗದು. "ನಮ್ಮದೇ ಮೋಟಾರದಾಗ ಹೋಗೋಣ ಬಾರವ್ವಾ" ಎಂದೆ. ಅವಳು ಅಂಗಳಕ್ಕೆ ಬಂದು, ಗಾಡಿಗೆ ಒಂದು ಸುತ್ತು ಹಾಕಿ, ಮೂಗು ಮುಚ್ಚಿಕೊಂಡಳು.

"ಸೀಟು ತೊಗಲಿಂದು. ನಾ ಕೂಡಾಕಿ ಅಲ್ಲಪಾ."

ಹುಬ್ಬಳ್ಳಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಮನುಷ್ಯರೊಡನೆ ಕಡಿಮೆ, ಇಂಜಿನ್ನಿನೊಡನೆ ಹೆಚ್ಚು ಮಾತಾಡುವ ಹಿರಿಯ. ಅವ್ವನ ಹಟ ಕೇಳಿ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. "ನಮಾಜಿಗೆ ಮೊದಲ ನಾವೂ ಕೈಕಾಲು ತೊಳೀತೇವ್ರಿ ವಕೀಲಸಾಹೇಬ್ರ. ಅವ್ವಾರ ಹೇಳೂದು ನನಗ ತಿಳೀತೈತಿ" ಎಂದು ಅಂಗಿಯ ತೋಳು ಮಡಚಿದ.

ಸೀಟಿನ ತೊಗಲು ಹೋಯಿತು, ಒಳಗಿನ ಕುದುರೆಕೂದಲೂ ಹೋಯಿತು. ಅರಳೆ ತುಂಬಿ ಮೇಲೆ ಧಾಬಳಿ ಹೊದಿಸಿದೆವು, ಉಣ್ಣೆಗೆ ಮೈಲಿಗೆಯಿಲ್ಲವಲ್ಲ. ಬಾನೆಟ್ಟು ಬಿಗಿಯುವ ತೊಗಲ ಪಟ್ಟಿಯ ಜಾಗಕ್ಕೆ ಹಿತ್ತಾಳೆಯ ಕೊಂಡಿ ಬಂತು. ಫ್ಯಾನಿನ ಬೆಲ್ಟು ಕೂಡ ತೊಗಲಿನದೇ ಎಂದು ತಿಳಿದಾಗ ನನ್ನ ತಲೆ ಕೆಟ್ಟಿತು. ಮಿಸ್ತ್ರಿ ಕ್ಯಾನ್ವಾಸನ್ನು ಎರಡು ಪದರು ಮಾಡಿ ಹೊಲಿದ. ಅವ್ವ ದಿನಾ ಕಟ್ಟೆಯ ಮೇಲೆ ಕೂತು, "ಅದೇನದು? ಇದೇನಿದು?" ಎಂದು ತಪಾಸಣೆ ನಡೆಸುತ್ತಿದ್ದಳು. ಯಾವ ಕಲೆಕ್ಟರೂ ಅಷ್ಟು ನಿಗಾ ಇಟ್ಟು ನೋಡಿರಲಿಕ್ಕಿಲ್ಲ.

ಬಿಚ್ಚಿದ್ದೇ ಬಿಚ್ಚಿದ್ದು, ನನಗೂ ಆಸೆ ಹತ್ತಿತು. ಕಾರ್ಬೈಡ್ ದೀಪ ಕಿತ್ತು ಬ್ಯಾಟರಿಯ ದೀಪ ಹಾಕಿಸಿದೆ. ಕಾರ್ಬ್ಯುರೇಟರ್ ಹೊಸದು ಬಂತು. ಮೈ ಉಜ್ಜಿ ಉಜ್ಜಿ ಕಡುಹಸಿರು ಬಣ್ಣ ಬಳಿದೆವು. ಹಿತ್ತಾಳೆ ತಿಕ್ಕಿದ್ದಕ್ಕೆ ಮನೆಯ ಹುಣಸೆಹಣ್ಣೆಲ್ಲ ಖಾಲಿಯಾಗಿ, "ಇನ್ನ ಸಾರಿನ್ಯಾಗ ಮೋಟಾರನ್ನ ಹಿಂಡಲೇನು?" ಎಂದು ನನ್ನ ಹೆಂಡತಿ ಕೇಳಿದಳು. ನಾನು ಮಾತ್ರ ಕೋರ್ಟಿಗೆ ಹೊರಟವನು ಮೂರು ಸಲ ತಿರುಗಿ ನೋಡುತ್ತಿದ್ದೆ. ಅಷ್ಟು ಚಂದ ಕಾಣುತ್ತಿತ್ತು!

ಆಗ ಮಿಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. ಇಂಜಿನ್ನಿನ ಓಟವನ್ನು ಗಾಲಿಗೆ ಮುಟ್ಟಿಸುವುದು ಕ್ಲಚ್ಚು. ಈ ಗಾಡಿಯಲ್ಲಿ ಅದಕ್ಕೆ ಸುತ್ತಿದ್ದದ್ದು ತೊಗಲಿನ ಪಟ್ಟಿ. ಆ ಪಟ್ಟಿ ಹಿಡಿದರೇನೇ ಗಾಡಿ ಓಡುವುದು.

"ಇದನ್ನ ತಗದ್ರ ಇದು ಮೋಟಾರಲ್ರಿ, ಮಂಚ. ತೊಗಲಿಲ್ಲದ ಹೊಸಾ ನಮೂನಿದು ಮುಂಬೈಯಿಂದ ಬರಬೇಕು. ಎರಡು ತಿಂಗಳು."

ಅದೇ ವಾರ ಬಂಕಾಪುರದ ಕಾಗದ ಬಂದಿತ್ತು, ಮೌಶಿ ಗಂಜಿಯನ್ನೂ ಬಿಟ್ಟಿದ್ದಾಳೆಂದು. ಎರಡು ತಿಂಗಳು ಎಲ್ಲಿಂದ ತರಲಿ? "ಪಟ್ಟಿ ಇರಲಿ, ಬಾಯಿ ಮುಚ್ಚಿಕೊಂಡು ಅದರ ಮ್ಯಾಲ ಹಲಗಿ ಹಾಕ್ರಿ" ಎಂದೆ.

"ಹಾಕ್ತೇನ್ರಿ. ಆದ್ರ ಅವ್ವಾರ ಕೇಳಿದ್ರ ಸುಳ್ಳು ಹೇಳಾಂವಲ್ಲ ನಾ."

ಮರುದಿನ ಬೆಳಿಗ್ಗೆ ಹೊರಟೆವು. ಸ್ಟೀರಿಂಗು ಹಿಡಿದು ನಾನು, ಪಕ್ಕಕ್ಕೆ ಮಿಸ್ತ್ರಿ, ಹಿಂದೆ ಧಾಬಳಿಯ ಮೇಲೆ ಅವ್ವ, ಮಗ್ಗುಲಲ್ಲಿ ತಂಗಿಗೆಂದು ಕಟ್ಟಿದ ಗಂಟು. ಹುಬ್ಬಳ್ಳಿ ದಾಟುವವರೆಗೆ ಅವಳ ಖುಷಿ ನೋಡಬೇಕಿತ್ತು. "ಏನ್ ಓಡತದೋ ಇದು!" ಎಂದು ಎರಡು ಸಲ ಅಂದಳು. ಮುಂದೆ ಒಂದು ಏರು ಬಂತು. ಇಂಜಿನ್ನು ಬೊಬ್ಬೆ ಹೊಡೆಯಿತು, ಗಾಡಿ ಮಾತ್ರ ಇದ್ದಲ್ಲೇ ನಿಂತಿತು. ಮಿಸ್ತ್ರಿ ನನ್ನ ಕಾಲ ಬುಡದ ಹಲಗೆ ಎತ್ತಿದ. ಪಟ್ಟಿ ಒಣಗಿ ಜಾರುತ್ತಿತ್ತು. ಔಡಲೆಣ್ಣೆ ಹಚ್ಚಿ ಮೆತ್ತಗೆ ಮಾಡಬೇಕು, ಆದರೆ ಎಣ್ಣೆಯ ಡಬ್ಬಿ ನಮ್ಮ ಅಂಗಳದಲ್ಲೇ ಉಳಿಯಿತೆಂದು ಅವನು ಗೊಣಗಿದ.

"ಔಡಲೆಣ್ಣಿ ನನ್ನ ಗಂಟಿನ್ಯಾಗ ಅದ, ಅಕಿ ಕಾಲಿಗೆ ತಿಕ್ಕಲಿಕ್ಕೆ ತಂದೀನಿ" ಎಂದಳು ಅವ್ವ. "ಯಾತಕ್ಕ ಬೇಕು?"

"ಯಂತ್ರಕ್ಕ" ಎಂದೆ ನಾನು.

"ಯಂತ್ರದಾಗ ಯಾತಕ್ಕ?"

ಮಿಸ್ತ್ರಿ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. "ತೊಗಲಿಗ್ರಿ ಅವ್ವಾರ."

ಅವ್ವ ಗಾಡಿಯಿಂದ ಇಳಿದಳು. ಗಂಟು ಎತ್ತಿಕೊಂಡು ಹೋಗಿ ರಸ್ತೆಯಂಚಿನ ಬೇವಿನ ಮರದ ಕೆಳಗೆ ನನಗೆ ಬೆನ್ನು ಮಾಡಿ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮಡಿಗಂತ ಇಡೀ ಗಾಡಿ ಬಿಚ್ಚಿದೆ! ಇನ್ನ ನನ್ನ ಚರ್ಮಾನೂ ಸುಲದು ಕೊಡ್ಲೇನು? ನಡಿ, ಮನಿಗೆ ಹೋಗೋಣ!" ಎಂದು ನಡುರಸ್ತೆಯಲ್ಲಿ ಕೂಗಾಡಿದೆ. ಅವಳು ತಿರುಗಲಿಲ್ಲ. ಭುಜ ಅಲುಗುತ್ತಿದ್ದದ್ದು ಕಂಡಿತು. ಅವ್ವ ಅಳುತ್ತಿದ್ದಳು. ಹೆತ್ತವಳಿಗೆ ಮೋಸ ಮಾಡಿ ಮೇಲೆ ಒದರುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. "ತಪ್ಪಾತವ್ವಾ" ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮಿಸ್ತ್ರಿಯನ್ನು ಕೇಳಿದಳು, "ಎಣ್ಣಿ ಹಚ್ಚಿದ್ರ ಎಷ್ಟೊತ್ತಿಗೆ ಮುಟ್ತೀವಿ?"

"ಎರಡು ತಾಸಿನ್ಯಾಗ ಮುಟ್ಟಸ್ತೇನ್ರಿ."

ಅವಳು ಗಂಟು ಬಿಚ್ಚಿ ಬಾಟಲಿಯನ್ನು ನೆಲದ ಮೇಲಿಟ್ಟು ಸರಿದಳು. "ಹಚ್ಚು. ಎಲ್ಲಾ ಸುರೀಬ್ಯಾಡ, ಅಕಿಗೂ ಬೇಕು."

ಮಿಸ್ತ್ರಿ ಎಣ್ಣೆ ಹಚ್ಚಿದ, ಅವ್ವ ಮತ್ತೆ ಹತ್ತಿ ಧಾಬಳಿಯ ಮೇಲೆ ಕೂತಳು. ಬಂಕಾಪುರದಲ್ಲಿ ಮೌಶಿಯ ಸೊಸೆ ಬಾಗಿಲಿಗೆ ಬಂದು, "ಹಂಡೇದಾಗ ನೀರು ಕಾದಾವ್ರಿ, ಮೊದಲ ಸ್ನಾನ ಮುಗಿಸ್ರಿ" ಎಂದಳು. ಗುಬ್ಬಿ ಸೀರೆ ತಾಕಿದರೆ ತಲೆಗೆ ನೀರು ಹಾಕಿಕೊಳ್ಳುವ ನನ್ನವ್ವ ಬಚ್ಚಲಿನತ್ತ ತಿರುಗಿಯೂ ನೋಡದೆ ನಡುಮನೆಗೆ ನಡೆದಳು. ಹಾಸಿಗೆಯಲ್ಲಿದ್ದ ಮೌಶಿ, ಎಲುಬಷ್ಟೇ ಉಳಿದ ಕೈಯೆತ್ತಿ ತಡೆದಳು.

"ಅಲ್ಲೇ ನಿಲ್ಲು ಅಕ್ಕಾ, ಮುಟ್ಟಬ್ಯಾಡ. ಎಂಟು ದಿನಾತು, ನಂಗ ಸ್ನಾನಿಲ್ಲ. ನಿನ್ನ ಮಡಿ ಕೆಡತದ."

"ಸುಮ್ನಿರು, ನಾನೂ ತೊಗಲಿನ ಗಾಡ್ಯಾಗ ಬಂದೀನಿ" ಎಂದು ಅವ್ವ ಹಾಸಿಗೆಯ ಮೇಲೇ ಕೂತು, ತಂಗಿಯನ್ನು ಎತ್ತಿ ಎದೆಗವಚಿಕೊಂಡಳು.